ಪ್ರವಾಹಿಚಲನಶಾಸ್ತ್ರದ ಆಹ್ವಾನಪತ್ರಗಳು: ಒಂದು ವಾಕ್ಯಾರ್ಥವಿಮರ್ಶೆ

ಉದ್ಯೋಗಕ್ಕೆ ಕರೆಯುವ ಪ್ರಕಟನೆಗಳನ್ನೂ ಅವುಗಳಿಗೆ ಉತ್ತರವಾಗಿ ಬರೆಯುವ ಅರ್ಜಿಗಳನ್ನೂ ಸಾಹಿತ್ಯಸಂಶೋಧನೆಗೆ ಮೀಸಲಾದ ಪತ್ರಿಕೆಯಲ್ಲಿ ವಿಮರ್ಶಿಸುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ಇದಕ್ಕೆ ನನ್ನ ಸಮಾಧಾನವಿಷ್ಟೆ. ವಾಕ್ಯದ ಅರ್ಥವನ್ನು ನಿರ್ಣಯಿಸುವ ಶಾಸ್ತ್ರವು ನಮ್ಮಲ್ಲಿ ಹುಟ್ಟಿದುದು ಕಾವ್ಯವನ್ನು ಆಸ್ವಾದಿಸುವುದಕ್ಕಾಗಿ ಅಲ್ಲ. ಯಾವನು, ಯಾವುದನ್ನು, ಯಾವ ಫಲಕ್ಕಾಗಿ, ಹೇಗೆ ಮಾಡತಕ್ಕದ್ದು ಎಂದು ವಿಧಿಸುವ ವಾಕ್ಯಗಳನ್ನು ತಪ್ಪಿಲ್ಲದೆ ಓದುವುದಕ್ಕಾಗಿ. ಉನ್ನತವಿದ್ಯೆಯನ್ನು ಮುಗಿಸಿದ ತರುಣನ ಜೀವಿತದಲ್ಲಿ ಎರಡು ಮೂರು ವರ್ಷಗಳನ್ನು ಇಂದು ಇಂಥ ಪ್ರಕಟನೆಗಳ ವಾಕ್ಯಗಳೇ ನಿರ್ಣಯಿಸುತ್ತಿರಲು, ಅವುಗಳನ್ನು ಓದುವ ಕ್ರಮವನ್ನು ವಿಚಾರಿಸುವುದು ಭಾಷಾಪಂಡಿತನ ಕೆಲಸವಲ್ಲವೆನ್ನಲಾಗದು.

ಪ್ರಸಂಗವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಾಲೇಜಿನಲ್ಲಿ ಎರಡನೆಯ ಭಾಷೆಯಾಗಿ ಸಂಸ್ಕೃತವನ್ನು ನನ್ನಲ್ಲಿ ಓದಿದ ವಿದ್ಯಾರ್ಥಿಯೊಬ್ಬನು ಮುಂದೆ ಇಂಜಿನಿಯರಿಂಗನ್ನು ಮುಗಿಸಿ, ನೀರಿನಲ್ಲಿ ಗಾಳಿಯ ಗುಳ್ಳೆಗಳು ಮೇಲೇರುವ ಬಗೆಯನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ ತೋರಿಸುವ ಪ್ರಬಂಧವನ್ನು ಬರೆದು ಡಾಕ್ಟರ್ ಪದವಿಯನ್ನು ಪಡೆದನು. ಮೂರು ವರ್ಷಗಳ ಕೆಳಗೆ ಶ್ರಾವಣಮಾಸದಲ್ಲಿ ಅವನು ನಮ್ಮ ಮನೆಗೆ ಬಂದಾಗ ಅವನ ಕೈಯಲ್ಲಿ ಒಂದು ದಪ್ಪ ಕಾಗದದ ಕಟ್ಟಿತ್ತು. ಹೊರದೇಶಗಳ ಮತ್ತು ನಮ್ಮ ದೇಶದ ಪ್ರಕಟನೆಗಳು ಒಂದು ಪಾಲು. ಅವುಗಳಿಗೆ ಅವನು ಬರೆದ ನಲವತ್ತಕ್ಕೂ ಮಿಕ್ಕ ಅರ್ಜಿಗಳು ಇನ್ನೊಂದು ಪಾಲು. ಉತ್ತರಗಳ ಪಾಲು ಬಹಳ ತೆಳುವಾಗಿತ್ತು. "ಗುರುಗಳೇ, ವಿಷಯ ತಮಗೆ ಬೇಡ. ಇಂಗ್ಲಿಷಿನಲ್ಲಿ ಎಲ್ಲಾದರೂ ತಪ್ಪಿದ್ದೇನೆಯೋ ಅದನ್ನಷ್ಟು ನೋಡಿ" ಎಂದನು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು ಅವನಿಗೆ ಕೆಲಸ ಕೊಟ್ಟಾಗಿತ್ತು. ತಿಂಗಳ ಕೊನೆಯೊಳಗೆ ಒಪ್ಪಿಗೆಯನ್ನು ತಿಳಿಸಬೇಕಾಗಿತ್ತು. ತಂದೆ ಮಾಡಿದ್ದ ಸಾಲವೂ ಇತ್ತು. ನಾನು ಹನ್ನೆರಡು ದಿನ ಆ ಕಟ್ಟನ್ನು ಓದಿದೆನು. ಅರ್ಜಿಗಳಲ್ಲಿ ವ್ಯಾಕರಣದೋಷವೆಂಬುದು ಒಂದೂ ಇರಲಿಲ್ಲ. ದೋಷವಿದ್ದುದು ಪ್ರಕಟನೆಗಳನ್ನು ಓದಿದ ಬಗೆಯಲ್ಲಿ.

ಮುಂದುವರಿಯುವ ಮುನ್ನ ಎರಡು ಶಬ್ದಗಳ ವಿಚಾರ. ಫ್ಲೂಯಿಡ್ ಡೈನಮಿಕ್ಸ್ ಎಂಬುದನ್ನು ನಮ್ಮವರು ದ್ರವಚಲನಶಾಸ್ತ್ರವೆಂದು ಕರೆಯುತ್ತ ಬಂದಿರುವರು. ದ್ರವವೆಂದರೆ ನೀರು, ಎಣ್ಣೆ, ಪಾದರಸಗಳೇ ಹೊರತು ಗಾಳಿಯಲ್ಲ. ಆದರೆ ವಿಮಾನದ ರೆಕ್ಕೆಯನ್ನು ಎತ್ತಿಹಿಡಿಯುವ ಗಾಳಿಯೂ ಮುಂಗಾರಿನ ಮೋಡವೂ ಈ ಶಾಸ್ತ್ರಕ್ಕೆ ವಿಷಯವಾಗಿರುವುದರಿಂದ ಆ ಹೆಸರಿಗೆ ಅವ್ಯಾಪ್ತಿದೋಷವು ತಪ್ಪದು. ಹರಿಯುವುದೆಲ್ಲವನ್ನೂ ಒಳಗೊಳ್ಳುವ ಪ್ರವಾಹಿ ಎಂಬ ಶಬ್ದವನ್ನು ಆದುದರಿಂದ ಬಳಸಿದ್ದೇನೆ. ಇನ್ನೊಂದು, ಡಾಕ್ಟರ್ ಪದವಿಯ ಅನಂತರ ಅವಧಿಯನ್ನು ಗೊತ್ತುಮಾಡಿ ಕೊಡುವ ಸಂಶೋಧಕವೃತ್ತಿಯ ಹೆಸರು. ಎಂ.ಎ. ತರಗತಿಗೆ ನಾವು ಸ್ನಾತಕೋತ್ತರವೆಂಬ ಹೆಸರನ್ನು ಕೊಟ್ಟು ಒಂದು ಒಳ್ಳೆಯ ಶಬ್ದವನ್ನು ಬೇಗನೆ ವ್ಯಯಮಾಡಿಬಿಟ್ಟಿದ್ದೇವೆ. ಸಮಾವರ್ತನವಾಗಿ ಗುರುಕುಲವನ್ನು ಬಿಟ್ಟು, ಇನ್ನೂ ಮನೆಯೊಂದನ್ನು ಹೂಡದೆ ಇರುವವನು ಸ್ನಾತಕ. ಈ ತರುಣರ ಸ್ಥಿತಿಯು ನಿಜವಾಗಿ ಅದು. ಆದರೂ ರೂಢಿಯನ್ನು ಮೀರಲಾರದೆ ಡಾಕ್ಟರೋತ್ತರವೆಂದೇ ಬರೆಯುತ್ತೇನೆ.

ಪ್ರಕಟನೆಗಳ ರಚನೆಯು ಬಹುಮಟ್ಟಿಗೆ ಏಕರೂಪವಾಗಿದೆ. ಮೊದಲು ಶೀರ್ಷಿಕೆ, ಬಳಿಕ ಸಂಸ್ಥೆಯ ಸ್ತುತಿ, ಊರಿನ ಸೊಗಸು, ಸಹೋದ್ಯೋಗಿಗಳ ಉತ್ಸಾಹ, ಆಮೇಲೆ ಮಾಡಬೇಕಾದ ಕೆಲಸ, ಆಮೇಲೆ ಇರಲೇಬೇಕಾದ ಯೋಗ್ಯತೆ ಮತ್ತು ಇದ್ದರೆ ಮೇಲಾದ ಯೋಗ್ಯತೆ, ಕೊನೆಯಲ್ಲಿ ಅವಧಿ, ವೇತನ, ನಿಬಂಧನೆಗಳು. ಸ್ತುತಿಭಾಗವು ಅರ್ಥವಾದ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಅರ್ಥವಾದಕ್ಕೆ ಸ್ವತಂತ್ರವಾದ ಪ್ರಾಮಾಣ್ಯವಿಲ್ಲ, ವಿಧಿಯೊಡನೆ ಸೇರಿ ಮಾತ್ರ ಅದಕ್ಕೆ ಪ್ರಯೋಜನವುಂಟು, ಅಷ್ಟೆ. ನನ್ನ ವಿದ್ಯಾರ್ಥಿಯಾದರೋ ತನ್ನ ಅರ್ಜಿಗಳಲ್ಲಿ ಈ ಅರ್ಥವಾದಕ್ಕೇ ಉತ್ತರ ಕೊಡುತ್ತಿದ್ದನು. ಅವರು ತಮ್ಮ ಸಂಸ್ಥೆ ಜಗತ್ಪ್ರಸಿದ್ಧವೆಂದರೆ, ಇವನು ತಮ್ಮ ಸಂಸ್ಥೆ ಜಗತ್ಪ್ರಸಿದ್ಧವೆಂದು ಬಲ್ಲೆನೆಂದು ಬರೆಯುತ್ತಿದ್ದನು. ವಿಧಿಭಾಗಕ್ಕೆ ಬಂದಾಗ ಮಾತು ತೆಳುವಾಗುತ್ತಿತ್ತು.

ಇದಕ್ಕಿಂತ ಗುರುತರವಾದ ತಪ್ಪು ಇನ್ನೊಂದು. ಯಾವುದು ಯಾವುದಕ್ಕೆ ಅಂಗವೆಂದು ತಿಳಿಸುವ ಪ್ರಮಾಣಗಳನ್ನು ಮೀಮಾಂಸಕರು ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂದು ಆರಾಗಿ ಎಣಿಸಿ, ಇವುಗಳೊಳಗೆ ವಿರೋಧ ಬಂದಾಗ ಹಿಂದಿನದಕ್ಕಿಂತ ಮುಂದಿನದು ದುರ್ಬಲವೆಂದು ಜೈಮಿನಿಯ ಸೂತ್ರವನ್ನು ಅನುಸರಿಸಿ ನಿರ್ಣಯಿಸಿರುವರು. ಯಜ್ಞಾಂಗಗಳ ವಿಷಯದಲ್ಲಿ ಹೇಳಿದ ನ್ಯಾಯವನ್ನು ಇಲ್ಲಿಗೆ ಎಳೆದು ತರುವುದು ಅತಿದೇಶವೆಂದು ಬಲ್ಲೆನು; ಆದರೂ ಉಪಯೋಗವಿದೆ. ಸಮಾಖ್ಯೆಯೆಂದರೆ ಹೆಸರು, ಅದು ಎಲ್ಲಕ್ಕಿಂತ ದುರ್ಬಲ. ನನ್ನ ವಿದ್ಯಾರ್ಥಿಯು ಪ್ರಕಟನೆಗಳನ್ನು ಆರಿಸಿದುದು ಸಮಾಖ್ಯೆಯಿಂದಲೇ. ಶೀರ್ಷಿಕೆಯಲ್ಲಿ ಫ್ಲೂಯಿಡ್ ಎಂದಾಗಲಿ ಟರ್ಬುಲೆನ್ಸ್ ಎಂದಾಗಲಿ ಇದ್ದರೆ ಅರ್ಜಿ ಬರೆದನು, ಇಲ್ಲದಿದ್ದರೆ ಬದಿಗಿಟ್ಟನು. ಹೀಗೆ ಬರೆದವುಗಳಲ್ಲಿ ಹಲವು, ಒಳಗಿನ ವಿಧಿವಾಕ್ಯವನ್ನು ನೋಡಿದರೆ, ಪಾರ್ಟಿಕಲ್ ಇಮೇಜ್ ವೆಲಾಸಿಮೆಟ್ರಿಯ ಅನುಭವ ಇರಲೇಬೇಕೆಂದು ಕೇಳುತ್ತಿದ್ದವು. ಹರಿವಿನೊಳಗೆ ಸಣ್ಣ ಕಣಗಳನ್ನು ಬೆರೆಸಿ, ಲೇಸರ್ ಬೆಳಕನ್ನು ಹಾಯಿಸಿ, ಚಿತ್ರಗಳನ್ನು ತೆಗೆದು ವೇಗವನ್ನು ಅಳೆಯುವ ಪ್ರಯೋಗಶಾಲೆಯ ವಿದ್ಯೆ ಅದು. ಇವನು ಗಣಿತದವನು, ಫೋರ್‌ಟ್ರಾನ್ ಬರೆಯುವವನು, ಲೇಸರನ್ನು ಮುಟ್ಟಿದವನಲ್ಲ. ಆ ಅರ್ಜಿಗಳಿಗೆ ಉತ್ತರ ಬಾರದಿದ್ದುದು ಅನ್ಯಾಯವಲ್ಲ.

ಬದಿಗಿಟ್ಟ ಪ್ರಕಟನೆಗಳ ಗತಿ ಇನ್ನೂ ಶೋಚನೀಯ. ಪ್ರವಾಹಿಚಲನಶಾಸ್ತ್ರಕ್ಕೆ ಎಲ್ಲ ಕಡೆಯಲ್ಲಿಯೂ ಸ್ವಂತ ಮನೆಯಿಲ್ಲ. ಕೇಂಬ್ರಿಜ್ಜಿನಲ್ಲಿ ಜಾರ್ಜ್ ಬ್ಯಾಚೆಲರ್ 1959ರಲ್ಲಿ ಕಟ್ಟಿದ ಅನ್ವಿತಗಣಿತ ಮತ್ತು ಸೈದ್ಧಾಂತಿಕ ಭೌತಶಾಸ್ತ್ರಗಳ ವಿಭಾಗದಲ್ಲಿ ಅದು ನೆಲೆಸಿದೆ. ಅಮೆರಿಕದ ಬಹುಪಾಲು ವಿಶ್ವವಿದ್ಯಾನಿಲಯಗಳಲ್ಲಿ ಯಂತ್ರಶಿಲ್ಪ ಮತ್ತು ವಿಮಾನಶಿಲ್ಪ ವಿಭಾಗಗಳಲ್ಲಿ. ಗಟಿಂಗೆನ್ನಿನಲ್ಲಿ, 1925ರಲ್ಲಿ ಲುಡ್ವಿಗ್ ಪ್ರಾಂಟ್ಲ್ ನಿರ್ದೇಶಕರಾಗಿ ಆರಂಭವಾದ ಹರಿವಿನ ಸಂಶೋಧನಾಲಯವು ಇಂದು ಡೈನಮಿಕ್ಸ್ ಮತ್ತು ಸ್ವಯಂಸಂಘಟನೆಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೆಂಬ ಬೇರೆ ಹೆಸರಿನಲ್ಲಿದೆ. ಬೆಂಗಳೂರಿನಲ್ಲಿಯೇ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಇದಕ್ಕೆ ಇಂಜಿನಿಯರಿಂಗ್ ಮೆಕ್ಯಾನಿಕ್ಸ್ ಎಂಬ ಹೆಸರುಂಟು. ಇದಲ್ಲದೆ ಸಾಗರಶಾಸ್ತ್ರ, ವಾಯುಮಂಡಲಶಾಸ್ತ್ರ, ರಾಸಾಯನಿಕ ಶಿಲ್ಪ, ರಕ್ತದ ಹರಿವನ್ನು ವಿಚಾರಿಸುವ ವೈದ್ಯಶಾಖೆ, ದಹನಶಾಸ್ತ್ರ ಇವೆಲ್ಲವೂ ಪ್ರವಾಹಿಯನ್ನು ಬಲ್ಲವರನ್ನೇ ಬೇರೆ ಬೇರೆ ಹೆಸರುಗಳಿಂದ ಕರೆಯುತ್ತಿವೆ. ಬದಿಗಿಟ್ಟ ಕಾಗದಗಳಲ್ಲಿ ಗಾಳಿಗೂ ಸಮುದ್ರಕ್ಕೂ ನಡುವೆ ನಡೆಯುವ ಅನಿಲವಿನಿಮಯವನ್ನು ಕುರಿತ ಒಂದು ಪ್ರಕಟನೆಯಿತ್ತು. ಶೀರ್ಷಿಕೆಯಲ್ಲಿ ಫ್ಲೂಯಿಡ್ ಎಂಬ ಶಬ್ದವೇ ಇರಲಿಲ್ಲ. ಒಳಗೆ ನೋಡಿದರೆ, ಅಲೆಗಳು ಮುರಿದು ಬೀಳುವಾಗ ನೀರಿನೊಳಕ್ಕೆ ಸಿಲುಕುವ ಗಾಳಿಯು ಗುಳ್ಳೆಗಳಾಗಿ ಅನಿಲವನ್ನು ಸಮುದ್ರಕ್ಕೆ ದಾಟಿಸುವುದೆಂದೂ, ಆ ಗುಳ್ಳೆಗಳ ಲೆಕ್ಕವನ್ನು ಬಲ್ಲವನು ಬೇಕೆಂದೂ ಬರೆದಿತ್ತು. "ಇದೇ ನಿನ್ನ ವಿಷಯವಲ್ಲವೇನಯ್ಯ?" ಎಂದು ಕೇಳಿದೆನು. ಅವನು ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತಿದ್ದನು.

ಇನ್ನು ಕೊನೆಯ ಸಾಲುಗಳು. ತಾತ್ಪರ್ಯವನ್ನು ನಿರ್ಣಯಿಸುವಾಗ ಉಪಕ್ರಮದೊಡನೆ ಉಪಸಂಹಾರವನ್ನೂ ಕೂಡಿಸಿ ನೋಡಬೇಕೆಂಬುದು ಎಲ್ಲರೂ ಬಲ್ಲ ನಿಯಮ. ಈ ಪ್ರಕಟನೆಗಳಲ್ಲಿ ಉಪಸಂಹಾರವನ್ನೇ ಮೊದಲು ಓದತಕ್ಕದ್ದೆಂದು ನಾನು ಹೇಳುವೆನು. ವಿಮಾನ, ಕ್ಷಿಪಣಿ, ನೌಕೆಗಳಿಗೆ ಈ ಶಾಸ್ತ್ರವು ಅತಿ ಸಮೀಪವಾಗಿರುವುದರಿಂದ ಅಮೆರಿಕದಲ್ಲಿ ಕೆಲವು ಸ್ಥಾನಗಳಿಗೆ ಆ ದೇಶದ ಪೌರರನ್ನೂ ಶಾಶ್ವತ ನಿವಾಸಿಗಳನ್ನೂ ಬಿಟ್ಟು ಇತರರನ್ನು ತೆಗೆದುಕೊಳ್ಳುವುದಿಲ್ಲ. ಈ ಪರಿಸಂಖ್ಯೆಯು ಮೂರು ಪುಟಗಳ ಉತ್ಸಾಹದ ಅನಂತರ ಒಂದೇ ಸಾಲಿನಲ್ಲಿ ಬರುವುದುಂಟು. ವೇತನವು ಯಾರದೆಂಬುದೂ ಅಲ್ಲಿಯೇ ತಿಳಿಯುವುದು. ಪ್ರಾಧ್ಯಾಪಕನು ಒಂದು ಯೋಜನೆಗಾಗಿ ತಂದ ಹಣದಿಂದ ಕೊಡುವ ಸ್ಥಾನವು ಪರತಂತ್ರ. ಕೆಲಸವು ಮೊದಲೇ ಗೊತ್ತಾಗಿದೆ, ಹಣ ತೀರಿದರೆ ಸ್ಥಾನವೂ ತೀರಿತು. ಸಂಶೋಧಕನ ಸ್ವಂತ ಹೆಸರಿಗೇ ಬರುವ ವೃತ್ತಿಗಳು ಬೇರೆ. ಯೂರೋಪಿನ ಮರೀ ಸ್ಕ್ಲೊಡೋವ್ಸ್ಕಾ ಕ್ಯೂರಿ ವೃತ್ತಿಯು ಅಂಥದು: ಪದವಿಯ ಬಳಿಕ ಎಂಟು ವರ್ಷಗಳ ಸಂಶೋಧನಾನುಭವವನ್ನು ಮೀರಿರಬಾರದು, ಅರ್ಜಿಯ ಕೊನೆಯ ದಿನಕ್ಕೆ ಹಿಂದಿನ 36 ತಿಂಗಳುಗಳಲ್ಲಿ 12 ತಿಂಗಳಿಗಿಂತ ಹೆಚ್ಚಾಗಿ ಆತಿಥ್ಯ ಕೊಡುವ ದೇಶದಲ್ಲಿ ವಾಸಿಸಿರಬಾರದು. ಜರ್ಮನಿಯ ಹುಂಬೋಲ್ಟ್ ವೃತ್ತಿಯೂ, ನಮ್ಮಲ್ಲಿ ಅನುಸಂಧಾನ ನ್ಯಾಷನಲ್ ರಿಸರ್ಚ್ ಫೌಂಡೇಷನ್ ಕೊಡುವ ಎರಡು ವರ್ಷಗಳ ರಾಷ್ಟ್ರೀಯ ವೃತ್ತಿಯೂ ಈ ಜಾತಿಯವೇ. ಇವುಗಳಿಗೆಲ್ಲ ಆತಿಥೇಯ ವಿದ್ವಾಂಸನ ಒಪ್ಪಿಗೆಯು ಮೊದಲೇ ಬೇಕು. ಎಂದರೆ ಸ್ಥಾನವು ಖಾಲಿಯಿದೆಯೆಂಬ ಪ್ರಕಟನೆಯೇ ಇಲ್ಲದೆ, ಕೊನೆಯ ದಿನಕ್ಕೆ ಹಲವು ತಿಂಗಳು ಮುಂಚೆ, ಒಬ್ಬನು ಇನ್ನೊಬ್ಬನಿಗೆ ಪತ್ರ ಬರೆಯಬೇಕು. ಪ್ರಕಟನೆಗಾಗಿ ಕಾದು ಕುಳಿತವನಿಗೆ ಈ ಬಾಗಿಲುಗಳು ಕಾಣುವುದೇ ಇಲ್ಲ.

ಪ್ರಕಟನೆಗಳನ್ನು ಬರೆಯುವವರ ಮೇಲೂ ನನ್ನದೊಂದು ಆಕ್ಷೇಪವುಂಟು. ಒಂದು ವರ್ಷದ ಅವಧಿ, ಹಣ ದೊರೆತರೆ ಮುಂದುವರಿಯಬಹುದು ಎಂಬ ವಾಕ್ಯವು ಅತಿ ಸಾಮಾನ್ಯ. ಹಣ ಎಲ್ಲಿಂದ, ಯಾವಾಗ, ಯಾರ ನಿರ್ಣಯದಿಂದ ಎಂಬ ಆಕಾಂಕ್ಷೆಯನ್ನು ಎಬ್ಬಿಸಿ ಅದನ್ನು ತೀರಿಸದೆ ಬಿಡುವ ಈ ವಾಕ್ಯವು ಶಾಸ್ತ್ರದೃಷ್ಟಿಯಿಂದ ವಾಕ್ಯವೇ ಅಲ್ಲ. ನನ್ನ ವಿದ್ಯಾರ್ಥಿಗೆ ಒಂದು ಸ್ಥಳದಿಂದ ಬರಹೇಳಿದ ಪತ್ರವೂ ಬಂದು, ವೀಸಾದ ಖರ್ಚೂ ಆಗಿ, ಬಳಿಕ ಹಣವು ದೊರೆಯಲಿಲ್ಲವೆಂದು ಎರಡು ಸಾಲಿನ ಉತ್ತರ ಬಂದಿತ್ತು. ಅವರು ಬರೆದುದರಲ್ಲಿ ಅಸತ್ಯವೇನೂ ಇರಲಿಲ್ಲ. ಬರೆಯದೆ ಬಿಟ್ಟುದರಲ್ಲಿ ಒಂದು ವರ್ಷ ಹೋಯಿತು.

ಇನ್ನು ಅರ್ಜಿಗಳ ವಿಚಾರ. ಅವನ ಅರ್ಜಿಗಳೆಲ್ಲವೂ, ಪೂಜ್ಯ ಪ್ರಾಧ್ಯಾಪಕರ ಸಂಶೋಧನೆಯಲ್ಲಿ ತನಗೆ ಅತಿಶಯವಾದ ಆಸಕ್ತಿಯಿದೆ ಎಂದು ಆರಂಭವಾಗುತ್ತಿದ್ದವು. ಆ ಸಂಶೋಧನೆ ಯಾವುದೆಂದು ಹೇಳಿರಲಿಲ್ಲ. ಹೆಸರನ್ನು ಬದಲಾಯಿಸಿದರೆ ಯಾರಿಗಾದರೂ ಸಲ್ಲುವಂತಿತ್ತು. ಕ್ಷೇಮೇಂದ್ರನು ಔಚಿತ್ಯವೆಂದು ಹೇಳುವುದು ಇಲ್ಲಿ ಮೊದಲ ಸಾಲಿನಲ್ಲಿಯೇ ಕೆಟ್ಟಿದೆ. ಪತ್ರವು ಒಬ್ಬನಿಗೆ ಬರೆದುದಾಗಿದ್ದು ಎಲ್ಲರಿಗೂ ಸಲ್ಲುವುದಾದರೆ ಅದು ಆ ಒಬ್ಬನಿಗೆ ಸಲ್ಲಲಿಲ್ಲವೆಂದೇ ಅರ್ಥ. ನಾನು ಕೇಳಿದ ಪ್ರಶ್ನೆ ಇದು: "ಇವರ ಬರಹದಲ್ಲಿ ನೀನು ಒಪ್ಪದಿರುವುದು ಏನಾದರೂ ಇದೆಯೆ?" ಅವನು ಬೆಚ್ಚಿದನು. ದೊಡ್ಡವರೊಡನೆ ಅಸಮ್ಮತಿಯನ್ನು ಮೊದಲ ಪತ್ರದಲ್ಲಿ ಹೇಳುವುದೆ? ಹೇಳಬಹುದು, ಹೇಳುವ ರೀತಿಯಿಂದ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಗೌರವದಿಂದ ಎತ್ತಿ ಹೇಳುವುದೇ ಎದುರಾಳಿಗೆ ಮಾಡುವ ಮನ್ನಣೆ. ಸಾಗರದ ಪ್ರಕಟನೆಯನ್ನು ಹೊರಡಿಸಿದ ವಿದ್ವಾಂಸರ ಲೇಖನದಲ್ಲಿ ಗುಳ್ಳೆಗಳ ಗಾತ್ರವನ್ನು ತೋರಿಸುವ ಒಂದು ನಕ್ಷೆಯಿತ್ತು. ಅತಿ ಸಣ್ಣ ಗುಳ್ಳೆಗಳ ಭಾಗದಲ್ಲಿ ಇವನ ಲೆಕ್ಕವು ಅದರೊಡನೆ ಕೂಡುತ್ತಿರಲಿಲ್ಲ. ಆ ವ್ಯತ್ಯಾಸವನ್ನೇ ಮೊದಲ ವಾಕ್ಯವಾಗಿಸಿ, ಕಾರಣವು ತನ್ನ ಲೆಕ್ಕದಲ್ಲಿದೆಯೋ ಅವರ ಅಳತೆಯಲ್ಲಿದೆಯೋ ತಿಳಿಯಬಯಸುವೆನೆಂದು ಎರಡನೆಯ ವಾಕ್ಯವನ್ನು ಬರೆಯೆಂದೆನು. ಪದವಿ, ಬಹುಮಾನಗಳು ಕೆಳಗೆ ಇಳಿದವು. ಪತ್ರವು ಅರ್ಧ ಪುಟವಾಯಿತು.

ಪತ್ರ ಬರೆದು ದೊಡ್ಡವರನ್ನು ಸೇರಿದವರ ಕಥೆ ಈ ಶಾಸ್ತ್ರದ ಇತಿಹಾಸದಲ್ಲಿಯೇ ಒಂದುಂಟು. ಮೇಲೆ ಹೇಳಿದ ಬ್ಯಾಚೆಲರ್ ಯುದ್ಧಕಾಲದಲ್ಲಿ ಮೆಲ್ಬರ್ನಿನ ವಿಮಾನಸಂಶೋಧನಾಲಯದಲ್ಲಿದ್ದ ತರುಣ. ಪ್ರಕ್ಷುಬ್ಧಪ್ರವಾಹವನ್ನು ಕುರಿತು ಜಿ. ಐ. ಟೇಲರ್ 1935ರಲ್ಲಿ ಪ್ರಕಟಿಸಿದ ಲೇಖನಗಳನ್ನು ಓದಿ, ಶಿಷ್ಯನಾಗಿ ಬರಬಹುದೆ ಎಂದು ಕೇಂಬ್ರಿಜ್ಜಿಗೆ ಬರೆದನು; ಒಪ್ಪಿಗೆ ಬಂದಿತು. ಜತೆಗೆ ಬರಲು ಅಲನ್ ಟೌನ್‌ಸೆಂಡನನ್ನು ಕರೆದಾಗ, ಪರಮಾಣುಭೌತದಲ್ಲಿ ಪಳಗಿದ್ದ ಆತನು ಟೇಲರ್ ಯಾರು, ಟರ್ಬುಲೆನ್ಸ್ ಎಂದರೇನು ಎಂದು ಎರಡೇ ಪ್ರಶ್ನೆಗಳನ್ನು ಕೇಳಿದನಂತೆ. ಇಬ್ಬರೂ 1945ರಲ್ಲಿ ಕೇಂಬ್ರಿಜ್ಜನ್ನು ಸೇರಿದರು. ಸೇರಿದ ಮೇಲೆ ತಿಳಿದುದು, ಟೇಲರ್ ಆ ವಿಷಯದಲ್ಲಿ ಕೆಲಸ ಮಾಡುವುದನ್ನು ಬಿಟ್ಟಿದ್ದಾನೆ ಎಂದು! ಆದರೂ ಬ್ಯಾಚೆಲರ್ ಅಲ್ಲಿನ ಪುಸ್ತಕಭಂಡಾರದಲ್ಲಿ ಕೊಲ್ಮೊಗೊರೊವನ 1941ರ ಲೇಖನಗಳನ್ನು ಕಂಡು, ಅವುಗಳ ಮಹತ್ವವನ್ನು ಪಶ್ಚಿಮದೇಶಗಳಿಗೆ ತಿಳಿಸಿಕೊಟ್ಟನು. 1956ರಲ್ಲಿ ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್ ಪತ್ರಿಕೆಯನ್ನು ಸ್ಥಾಪಿಸಿದನು. ಅವರಿಬ್ಬರೂ ಆಗ ಡಾಕ್ಟರ್ ಪದವಿಗಾಗಿ ಬಂದವರು, ನಮ್ಮ ವಿಷಯಕ್ಕೆ ನೇರವಾದ ಉದಾಹರಣೆಯಲ್ಲ. ಅದಕ್ಕೆ ನೇರವಾದುದು ನಮ್ಮವರೇ ಆದ ಕೆ. ಆರ್. ಶ್ರೀನಿವಾಸನ್ ಅವರದು: 1975ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರ್ ಪದವಿ, ಬಳಿಕ ಆಸ್ಟ್ರೇಲಿಯಾದಲ್ಲಿಯೂ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿಯೂ ಡಾಕ್ಟರೋತ್ತರ ಸಂಶೋಧನೆ, 1979ರಲ್ಲಿ ಯೇಲ್ ವಿಶ್ವವಿದ್ಯಾನಿಲಯ.

ಟೇಲರನ ಪ್ರಸಂಗವನ್ನು ಓದುವಾಗ ನನಗೆ ಬಿಲ್ಹಣನ ನೆನಪು ಬಾರದಿರಲಿಲ್ಲ. ವಿಕ್ರಮಾಂಕದೇವಚರಿತದ ಹದಿನೆಂಟನೆಯ ಸರ್ಗದಲ್ಲಿ ಈ ಕಾಶ್ಮೀರದ ಕವಿಯು ಮಥುರೆ, ಕನ್ಯಾಕುಬ್ಜ, ಪ್ರಯಾಗ, ಕಾಶಿಗಳನ್ನು ಹಾಯ್ದು ಡಾಹಲದ ಕರ್ಣನ ಆಸ್ಥಾನದಲ್ಲಿದ್ದು, ಸೋಮನಾಥ ರಾಮೇಶ್ವರಗಳನ್ನು ನೋಡಿ, ಕೊನೆಗೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನಿಂದ ವಿದ್ಯಾಪತಿಯೆಂದು ಮನ್ನಣೆ ಪಡೆದುದನ್ನು ತಾನೇ ಹೇಳಿಕೊಂಡಿದ್ದಾನೆ. ಧಾರೆಯ ಭೋಜನನ್ನು ಕಾಣದೆಹೋದ ವಿಷಾದವೂ ಅಲ್ಲಿದೆ. ಇಷ್ಟು ಮನ್ನಣೆ ಪಡೆದ ಮೇಲೂ, ಕಾಶ್ಮೀರದಲ್ಲಿ ಹರ್ಷನು ಕವಿಗಳಿಗೆ ಆಶ್ರಯ ಕೊಡುತ್ತಿರುವನೆಂದು ಕೇಳಿ ತನ್ನ ವೈಭವವನ್ನು ಅಲ್ಪವೆಂದೆಣಿಸಿದನೆಂದು ರಾಜತರಂಗಿಣಿಯು ಹೇಳುತ್ತದೆ. ಊರು ಬಿಟ್ಟವನಿಗೆ ಊರಿನಲ್ಲಿಯೇ ಸ್ಥಾನವಿದ್ದಿತೆಂಬ ಸುದ್ದಿಯು ತಡವಾಗಿ ಬಂದಾಗ ಆಗುವ ನೋವನ್ನು ನಮ್ಮ ತರುಣರೂ ಬಲ್ಲರು.

ಶಿಫಾರಸು ಪತ್ರಗಳನ್ನು ಕುರಿತು ಒಂದೆರಡು ಮಾತು. ಇವು ಪ್ರಶಸ್ತಿಗಳು, ಶಾಸನಗಳನ್ನು ಓದಿದವರಿಗೆ ಹೊಸತಲ್ಲ. ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಪುಲಿಕೇಶಿಯನ್ನು ಹೊಗಳಿ, ತನ್ನನ್ನು ಕಾಳಿದಾಸ ಭಾರವಿಗಳಿಗೆ ಸಮನೆಂದೂ ಹೇಳಿಕೊಂಡನು. ಇತಿಹಾಸಜ್ಞರು ಆ ಶಾಸನವನ್ನು ತಲೆಯ ಮೇಲೆ ಹೊತ್ತುಕೊಂಡುದು ಹೊಗಳಿಕೆಗಾಗಿ ಅಲ್ಲ, ಅಲ್ಲಿರುವ ಶಕವರ್ಷ 556ಕ್ಕಾಗಿ ಮತ್ತು ಆ ಎರಡು ಕವಿನಾಮಗಳಿಗಾಗಿ. ನಮ್ಮ ಅಧ್ಯಾಪಕರು ಬರೆಯುವ ಪತ್ರಗಳಲ್ಲಿ ಪರಿಶ್ರಮಿ, ವಿನಯಶೀಲ, ಸಚ್ಚರಿತ್ರ ಎಂಬ ವಿಶೇಷಣಗಳಿರುತ್ತವೆ, ಶಕವರ್ಷವಿರುವುದಿಲ್ಲ. ಈ ಹುಡುಗನು ಹಳೆಯ ಗಣನಕ್ರಮದಲ್ಲಿ ಇಂಥ ದೋಷವನ್ನು ಕಂಡುಹಿಡಿದು ಹೀಗೆ ತಿದ್ದಿದನು ಎಂಬ ಒಂದು ವಾಕ್ಯವಿದ್ದರೆ ಹತ್ತು ವಿಶೇಷಣಗಳನ್ನು ಬಿಡಬಹುದು.

ನನ್ನ ವಿದ್ಯಾರ್ಥಿಯು ಇಷ್ಟನ್ನೂ ಕೇಳಿ ಒಂದು ಆಕ್ಷೇಪವನ್ನು ಎತ್ತಿದನು. ಅದನ್ನು ಮುಚ್ಚಿಡುವುದು ಸರಿಯಲ್ಲ. "ಗುರುಗಳೇ, ಅನೇಕ ಸ್ಥಾನಗಳು ಪ್ರಕಟನೆಗೆ ಮುಂಚೆಯೇ ಪರಿಚಯದಿಂದ ತುಂಬಿಹೋಗಿರುತ್ತವೆ. ಓದುವ ಬರೆಯುವ ಜಾಣತನದಿಂದ ಏನಾದೀತು?" ಎಂದನು. ಅವನ ಮಾತಿನಲ್ಲಿ ತಥ್ಯವುಂಟು. ಅಮೆರಿಕದ ಭೌತವಿಜ್ಞಾನಸಂಘದಲ್ಲಿ 1947ರಲ್ಲಿ ಏರ್ಪಟ್ಟ ಪ್ರವಾಹಿಚಲನ ವಿಭಾಗದ ಸಭೆಯು ಪ್ರತಿವರ್ಷವೂ ನವೆಂಬರಿನಲ್ಲಿ ನೆರೆಯುತ್ತದೆ. ಕೆಲವೇ ನಿಮಿಷಗಳ ಉಪನ್ಯಾಸಗಳು ಒಂದಾದ ಮೇಲೊಂದು ನಡೆಯುತ್ತಿರಲು, ಸ್ಥಾನವನ್ನು ಅರಸುವವರೂ ಕೊಡುವವರೂ ಹೊರಗಿನ ಪಡಸಾಲೆಗಳಲ್ಲಿ ಸಂಧಿಸುವರು. ಸ್ಟ್ಯಾನ್‌ಫರ್ಡಿನಲ್ಲಿ 1987ರಲ್ಲಿ ಸ್ಥಾಪಿತವಾದ ಟರ್ಬುಲೆನ್ಸ್ ಸಂಶೋಧನಾಕೇಂದ್ರದ ಬೇಸಗೆಯ ಕೂಟಕ್ಕೂ ಹೊರಗಿನ ಸಂಶೋಧಕರು ಬಂದು ಕೆಲವು ವಾರ ಜತೆಗೂಡಿ ಕೆಲಸ ಮಾಡುವರು. ವಿಮಾನದ ಟಿಕೆಟ್ಟಿಗೆ ಹಣವಿಲ್ಲದೆ, ವೀಸಾ ದೊರೆಯುವ ಭರವಸೆಯಿಲ್ಲದೆ ಮೈಸೂರು ಸೀಮೆಯಲ್ಲಿ ಕುಳಿತವನಿಗೆ ಆ ಪಡಸಾಲೆಯಿಲ್ಲ. ಆದುದರಿಂದಲೇ ಅವನಿಗೆ ಪತ್ರವೊಂದು ಉಳಿದಿದೆ. ಪಡಸಾಲೆಯಿದ್ದವನು ಪತ್ರವನ್ನು ಕೆಟ್ಟದಾಗಿ ಬರೆದರೂ ನಡೆದೀತು, ಇವನಿಗೆ ನಡೆಯದು. ಈ ಸಮಾಧಾನವು ಅವನ ಆಕ್ಷೇಪವನ್ನು ಪೂರ್ಣವಾಗಿ ಪರಿಹರಿಸುವುದಿಲ್ಲವೆಂದು ನಾನು ಒಪ್ಪುತ್ತೇನೆ.

ಸಾಗರದ ಪತ್ರಕ್ಕೆ ಆರನೆಯ ದಿನ ಉತ್ತರ ಬಂದಿತು. ಅದರಲ್ಲಿ ಉದ್ಯೋಗದ ಮಾತು ಕೊನೆಯ ಸಾಲಿನಲ್ಲಿ ಮಾತ್ರ ಇತ್ತು. ಉಳಿದುದೆಲ್ಲ ನಕ್ಷೆಯ ವಿಚಾರ. ವ್ಯತ್ಯಾಸಕ್ಕೆ ಕಾರಣವು ಬಹುಮಟ್ಟಿಗೆ ಇವನ ಲೆಕ್ಕದಲ್ಲಿಯೇ ಇದ್ದಿತೆಂದು ಮುಂದೆ ತಿಳಿಯಿತಂತೆ. ಕಂಪನಿಗೆ ಅವನು ಒಪ್ಪಿಗೆಯನ್ನು ಕಳುಹಿಸಲಿಲ್ಲ. ಈಗ ಅವನ ಅವಧಿಯು ಮುಗಿಯುತ್ತ ಬಂದಿದೆ. ಹೋದ ವಾರ ಹೊಸ ಅರ್ಜಿಯ ಕರಡೊಂದನ್ನು ನನಗೆ ಕಳುಹಿಸಿದ್ದನು. ಮೊದಲ ಸಾಲಿನಲ್ಲಿ ಪೂಜ್ಯ ಪ್ರಾಧ್ಯಾಪಕರ ಸಂಶೋಧನೆಯ ಮೇಲಣ ಅತಿಶಯವಾದ ಆಸಕ್ತಿಯು ಮತ್ತೆ ಬಂದು ಕುಳಿತಿತ್ತು. ಅದನ್ನು ಹೊಡೆದುಹಾಕಿ ಹಿಂದಕ್ಕೆ ಕಳುಹಿಸಿದ್ದೇನೆ.